ಮಿರಗಕ್ಕೂ ಮೊದಲು ಮಟ್ಟ

ಹಾನಗಲ್ಲಿನ ಅಂಚಿನಲ್ಲಿ, ಬೆಳಗಿನ ಏಳರ ಬಿಸಿಲಿನಲ್ಲಿ ನೀವು ನಿಂತಿದ್ದೀರಿ. ಮೇ ತಿಂಗಳ ಕೊನೆಯ ವಾರ. ರೋಹಿಣಿ ಮಳೆ ಆಗಲೇ ಒಮ್ಮೆ ಸುರಿದು ಹೋಗಿದೆ. ಮಸಾರಿ ಮಣ್ಣು ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗಿನ ಹಸಿ ಚಪ್ಪಲಿಗೆ ಮೆತ್ತುತ್ತದೆ. ಎದುರಿಗೆ 40 ಬೈ 60 ಅಡಿಯ ಖಾಲಿ ಜಾಗ. ಎಡಕ್ಕೆ ಹೊಸದಾಗಿ ಎದ್ದ ಆರ್‌ಸಿಸಿ ಮನೆ, ಬಲಕ್ಕೆ ಹೆಂಚಿನ ಹಳೆಯ ಮನೆ, ಹಿಂದೆ ಭತ್ತದ ಗದ್ದೆ, ಅದರಾಚೆ ಮಾವಿನ ತೋಪು. ಯಜಮಾನರು ಪೂಜೆ ಮುಗಿಸಿ ಬಂದಿದ್ದಾರೆ, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿದೆ. ಗೌಂಡಿ ಕಾಕಾ ಸುಣ್ಣದ ಪುಡಿಯ ಚೀಲ, ಗೂಟ, ಸೂತದ ಉಂಡೆ ಇಳಿಸಿ ಬೀಡಿ ಹಚ್ಚಿದ್ದಾರೆ. ಇವತ್ತು ಪಾಯಾ ಗುರುತು ಹಾಕಬೇಕು. ಮಿರಗದ ಮಳೆ ಕೂಡುವುದರೊಳಗೆ ಪಾಯಾ ಮೇಲೆ ಬರಬೇಕು.

ಬೈಕಿನ ಹಿಂದೆ ಹಳದಿ ಪೆಟ್ಟಿಗೆ ಕಟ್ಟಿಕೊಂಡು ಹುಡುಗ ಬರುತ್ತಾನೆ. ಸಿವಿಲ್ ಡಿಪ್ಲೊಮಾ ಓದಿದವನು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಂದ ಫೋನ್ ಬಂದರೂ ಹೋಗುತ್ತಾನೆ. ಹೆಸರಿಗಿಂತ ‘ಲೆವೆಲ್ ಹುಡುಗ’ ಎಂದರೇ ಜನಕ್ಕೆ ಗುರುತು. ರಸ್ತೆ ಬದಿಯ ಸಣ್ಣ ದಿಬ್ಬದ ಮೇಲೆ ಟ್ರೈಪಾಡಿನ ಮೂರು ಕಾಲು ಬಿಡಿಸುತ್ತಾನೆ. ಒಂದೊಂದು ಕಾಲಿನ ಚೂಪು ತುದಿಯನ್ನೂ ಬೂಟಿನಿಂದ ತುಳಿದು ಮಣ್ಣಿಗಿಳಿಸುತ್ತಾನೆ. ಮೇಲೆ ರೋಟರಿ ಲೇಸರ್ ಕೂರಿಸಿ ಗುಂಡಿ ಒತ್ತುತ್ತಾನೆ. ಒಳಗೆ ಸಣ್ಣ ಮೋಟರುಗಳು ಗುಂಯ್‌ಗುಡುತ್ತವೆ. ಪೆಟ್ಟಿಗೆ ಸುಮಾರು 5 ಡಿಗ್ರಿಯಷ್ಟು ಓರೆಯಾಗಿ ಕೂತಿದ್ದರೂ ತನ್ನೊಳಗಿನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದು ಸಿಕ್ಕ ಮೇಲೆ ತಲೆ ತಿರುಗಲು ಶುರುವಾಗುತ್ತದೆ, ನಿಮಿಷಕ್ಕೆ 600 ಸುತ್ತು.

“ಎಲ್ಲೈತೋ ತಮ್ಮಾ ನಿನ್ನ ಬೆಳಕು? ಕಾಣವಲ್ದಲ್ಲ,” ಎನ್ನುತ್ತಾರೆ ಕಾಕಾ.

“ಬಿಸಲಾಗ ಕಣ್ಣಿಗೆ ಕಾಣಂಗಿಲ್ಲ ಕಾಕಾ. ಈ ರಿಸೀವರಿಗೆ ಕಾಣತೈತಿ. ನೀವು ಪೆಟ್ಟಿಗಿ ಕಡೆ ದಿಟ್ಟಿಸಬ್ಯಾಡ್ರಿ, ಕಣ್ಣಿಗೆ ಛಲೋ ಅಲ್ಲ.”

ಕಣ್ಣಿಗೆ ಕಾಣದ ಆ ಬೆಳಕನ್ನು ಮನಸ್ಸಿನಲ್ಲಿ ಹೀಗೆ ಕಟ್ಟಿಕೊಳ್ಳಿ: ಈ ಜಾಗ, ರಸ್ತೆ, ಅಕ್ಕಪಕ್ಕದ ಮನೆ, ಹಿಂದಿನ ಗದ್ದೆ ಎಲ್ಲದರ ಮೇಲೂ ಆಳೆತ್ತರದಲ್ಲಿ ಗಾಳಿಯಿಲ್ಲದ ದಿನದ ಕೆರೆಯಂತೆ ಒಂದು ಹಾಳೆ ಹಾಸಿದೆ. ಅದು ಎಲ್ಲಿಯೂ ಒಂದು ಕಡೆಗೆ ವಾಲಿಲ್ಲ. 30 ಮೀಟರ್ ದೂರದಲ್ಲೂ ಒಳ್ಳೆಯ ಯಂತ್ರ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ. ಆ ಹಾಳೆಯಿಂದ ನೆಲ ಎಷ್ಟು ಕೆಳಗಿದೆ ಎಂದು ಅಳೆಯುವುದೇ ಇಡೀ ಕೆಲಸ. ಓದು ಹೆಚ್ಚು ಬಂದರೆ ನೆಲ ತಗ್ಗು, ಕಡಿಮೆ ಬಂದರೆ ನೆಲ ಎತ್ತರ. ಮೊದಮೊದಲು ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಬಾವಿಗೆ ಹಗ್ಗ ಬಿಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹುಡುಗ ಸ್ಟಾಫನ್ನು ಕಾಕಾನ ಕೈಗೆ ಕೊಡುತ್ತಾನೆ. ಅಲ್ಯೂಮಿನಿಯಂ ಕೋಲು, ಎಳೆದರೆ 5 ಮೀಟರ್ ಉದ್ದವಾಗುತ್ತದೆ. ಅದರ ಮೈಗೆ ರಿಸೀವರ್ ಕಚ್ಚಿಸಿದ್ದಾನೆ. ಮೊದಲ ಓದು ಜಾಗದಲ್ಲಲ್ಲ, ಓಣಿಯ ಮೂಲೆಯ ಹನುಮಪ್ಪನ ಗುಡಿಯ ಕಲ್ಲಿನ ಮೆಟ್ಟಿಲ ಮೇಲೆ. ಕಾಕಾ ಕೋಲು ನಿಲ್ಲಿಸುತ್ತಾರೆ. ಹುಡುಗ ರಿಸೀವರನ್ನು ಮೇಲೆ ಕೆಳಗೆ ಸರಿಸುತ್ತಾನೆ. ಮೇಲೆ ಹೋದಾಗ ಅವಸರದ ಪೀಪ್ ಪೀಪ್, ಕೆಳಗೆ ಬಂದಾಗ ನಿಧಾನದ ಪೀಪ್. ಸರಿಯಾದ ಜಾಗಕ್ಕೆ ಬಂದಾಗ ಬಿಡದೆ ಕೂಗುವ ಒಂದೇ ದನಿ. ಆ ದನಿಯಲ್ಲಿ ಕೈ ನಿಲ್ಲಿಸಿ ಓದುತ್ತಾನೆ: 1.820.

ಗುಡಿಯ ಮೆಟ್ಟಿಲಿಗೆ 10.000 ಮೀಟರ್ ಎಂದು ಬೆಲೆ ಕೊಟ್ಟಿದ್ದಾನೆ. ಸೊನ್ನೆ ಎಂದುಕೊಂಡರೆ ತಗ್ಗಿನ ಜಾಗಗಳೆಲ್ಲ ಮೈನಸ್ಸಿಗೆ ಹೋಗಿ ಲೆಕ್ಕ ಗೋಜಲಾಗುತ್ತದೆ, ಅದಕ್ಕೆ ಹತ್ತು. ಬೆಳಕಿನ ಹಾಳೆ ಈಗ 11.820ರಲ್ಲಿದೆ. ಇನ್ನು ಎಲ್ಲಿ ಕೋಲು ಇಟ್ಟರೂ ಆ ಓದನ್ನು ಇದರಿಂದ ಕಳೆದರೆ ಅಲ್ಲಿಯ ಮಟ್ಟ. ರಸ್ತೆಯ ನಡುವೆ 2.010, ಅಂದರೆ ರಸ್ತೆ 9.810. ಜಾಗದ ಮುಂಭಾಗ 2.135, ಮಟ್ಟ 9.685. ಹಿಂಭಾಗ, ಗದ್ದೆಯ ಬದುವಿನ ಹತ್ತಿರ 2.690, ಮಟ್ಟ 9.130. ಎಡಗಡೆಯ ಆರ್‌ಸಿಸಿ ಮನೆಯ ಪ್ಲಿಂತ್ 1.605, ಮಟ್ಟ 10.215.

ಬಲಗಡೆಯ ಹೆಂಚಿನ ಮನೆಯ ಹೊಸ್ತಿಲ ಮೇಲೆ ಕೋಲು ಇಡಲು ಕಾಕಾ ಹೋದಾಗ ಒಳಗಿಂದ ಅಜ್ಜಿ ಬಂದು ನಿಲ್ಲುತ್ತಾರೆ. ಓದು 1.980. ಹೊಸ್ತಿಲು 9.840ರಲ್ಲಿದೆ. ರಸ್ತೆಗಿಂತ ಬರೀ 30 ಮಿಲಿಮೀಟರ್ ಎತ್ತರ, ಹೆಬ್ಬೆರಳ ಒಂದು ಗೆಣ್ಣಿನಷ್ಟು.

“ನಾ ಮದಿವ್ಯಾಗಿ ಬಂದಾಗ ಮೂರು ಪಾವಟಿಗಿ ಹತ್ತಿ ಒಳಗ ಬಂದಿದ್ದೆಪಾ,” ಎನ್ನುತ್ತಾರೆ ಅಜ್ಜಿ. “ರಸ್ತೆ ಮಾಡಿದಾಗೊಮ್ಮೆ ಒಂದೊಂದು ಪಾವಟಿಗಿ ನುಂಗಿತು.”

ಈ ಮಾತನ್ನು ಹಾವೇರಿ ಜಿಲ್ಲೆಯ ಯಾವ ಊರಿನಲ್ಲೂ ಕೇಳಬಹುದು. ಮಣ್ಣಿನ ರಸ್ತೆಯ ಮೇಲೆ ಖಡಿ, ಅದರ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟ್, ಮತ್ತೆ ಅದರ ಮೇಲೇ ಇನ್ನೊಂದು ಕಾಂಕ್ರೀಟ್. ಹಳೆಯದನ್ನು ಅಗೆದು ತೆಗೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೊಸ ಮನೆ ಕಟ್ಟುವವರು ಅಂದಿನ ರಸ್ತೆಯನ್ನು ನೋಡಿ ಅದಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಪ್ಲಿಂತ್ ಇಡುತ್ತಾರೆ. ಹತ್ತು ವರ್ಷದಲ್ಲಿ ರಸ್ತೆ ಎದ್ದು ಬರುತ್ತದೆ. ಆಮೇಲೆ ಕಟ್ಟುವವರು ಎದ್ದ ರಸ್ತೆಯಿಂದ ಅಳೆಯುತ್ತಾರೆ. ಮೊದಲು ಕಟ್ಟಿದವರ ಅಂಗಳ ಎಲ್ಲರ ನೀರೂ ಬಂದು ನಿಲ್ಲುವ ಗುಂಡಿಯಾಗುತ್ತದೆ. ಓಣಿಯ ಮಟ್ಟವನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲದ್ದರಿಂದ ಯಾರು ಯಾರ ಕಡೆಗೆ ನೀರು ತಳ್ಳಿದರು ಎಂಬ ಜಗಳ ಬಾಯಿಮಾತಿನಲ್ಲೇ ನಡೆಯುತ್ತದೆ. ಗುಡಿಯ ಮೆಟ್ಟಿಲನ್ನು ಹುಡುಗ ಆರಿಸಿದ್ದು ಇದಕ್ಕೇ. ರಸ್ತೆ ಬದಲಾಗುತ್ತದೆ, ಮೆಟ್ಟಿಲು ಬದಲಾಗುವುದಿಲ್ಲ. ಅವನ ನೋಟ್‌ಬುಕ್ಕಿನಲ್ಲಿ ಈ ಓಣಿಯ ಹಾಳೆಗೆ ಹನುಮಪ್ಪನ ಗುಡಿಯ ಹೆಸರೇ ಇದೆ. ಪ್ರತಿ ಓಣಿಗೂ ಹೀಗೊಂದು ಕಲ್ಲು ಗೊತ್ತುಮಾಡಿ, ಅದರ ಮಟ್ಟ ಕೆತ್ತಿಸಿ, ಪಂಚಾಯ್ತಿ ಪುರಸಭೆಗಳ ವಹಿಯಲ್ಲಿ ಬರೆದಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕೆ ಬೇಕಾದ ಸಾಧನ ಈಗ ಒಂದು ಬೈಕಿನ ಹಿಂದೆ ಹಿಡಿಸುತ್ತದೆ.

ಯಜಮಾನರಿಗೆ ರಸ್ತೆಗಿಂತ 450 ಮಿಲಿಮೀಟರ್ ಎತ್ತರದ ಪ್ಲಿಂತ್ ಬೇಕು. 9.810ಕ್ಕೆ ಕೂಡಿಸಿದರೆ 10.260. ಕೋಲಿನಲ್ಲಿ ಅದು 1.560. ಹುಡುಗ ರಿಸೀವರನ್ನು ಆ ಅಂಕಿಗೆ ಬಿಗಿದು ಕಾಕಾನಿಗೆ ಕೊಡುತ್ತಾನೆ. ಇನ್ನು ಲೆಕ್ಕ ಬೇಕಿಲ್ಲ. ನಾಲ್ಕು ಮೂಲೆಯ ಗೂಟಗಳಿಗೆ ಕೋಲು ತಾಗಿಸಿ ಬಿಡದ ದನಿ ಬಂದಲ್ಲಿ ಗೀರು ಹಾಕಿದರೆ ನಾಲ್ಕೂ ಒಂದೇ ಮಟ್ಟ.

ಯಜಮಾನರು ಜಾಗವನ್ನಿಡೀ ಆ ಮಟ್ಟಕ್ಕೆ ಗರಸು ಹಾಕಿ ತುಂಬಿಸುವ ಯೋಚನೆಯಲ್ಲಿದ್ದಾರೆ. ಕಾಕಾ ತಲೆ ಅಲ್ಲಾಡಿಸುತ್ತಾರೆ. ಹಿಂಬದಿ ಗದ್ದೆ 9.130ರಲ್ಲಿದೆ. ಓಣಿಯ ಮಳೆನೀರು ಇಷ್ಟು ವರ್ಷ ಈ ಖಾಲಿ ಜಾಗದ ಮೇಲೆಯೇ ಹರಿದು ಗದ್ದೆಗೆ ಇಳಿಯುತ್ತಿತ್ತು. ಪೂರ್ತಿ ತುಂಬಿಸಿದರೆ ಆ ನೀರು ಅಜ್ಜಿಯ ಹೊಸ್ತಿಲಿಗೆ ತಿರುಗುತ್ತದೆ. ಹುಡುಗ ಬಲಗಡೆಯ ಎಲ್ಲೆಗುಂಟ ಮತ್ತೆರಡು ಓದು ತೆಗೆಯುತ್ತಾನೆ. ಮುಂದಿನಿಂದ ಹಿಂದಕ್ಕೆ 18 ಮೀಟರಿನಲ್ಲಿ ನೆಲ 555 ಮಿಲಿಮೀಟರ್ ಇಳಿದಿದೆ. ಸುಮಾರು 33ಕ್ಕೆ 1ರ ಇಳಿಜಾರು, ನೀರು ತಾನೇ ಓಡಿಹೋಗಲು ಧಾರಾಳ ಸಾಕು. ಮನೆ ಕೂರುವಷ್ಟು ಜಾಗ ಮಾತ್ರ ತುಂಬಿ, ಬಲಗಡೆ ಮೂರಡಿ ಪಟ್ಟಿಯನ್ನು ಇದ್ದಂತೆಯೇ ಬಿಟ್ಟರೆ ಓಣಿಯ ನೀರಿಗೆ ದಾರಿ ಉಳಿಯುತ್ತದೆ. ಯಜಮಾನರು ಅಜ್ಜಿಯ ಮುಖ ನೋಡುತ್ತಾರೆ, ಅಜ್ಜಿ ಗದ್ದೆಯ ಕಡೆ ನೋಡುತ್ತಾರೆ. “ಮೂರಡಿ ಬಿಟ್ಟರ ನಿಮಗೇನ್ ಕಡಿಮಿ ಆಗಂಗಿಲ್ರಿ ಯಜಮಾನ್ರ,” ಎನ್ನುತ್ತಾರೆ ಕಾಕಾ. ಸುಣ್ಣದ ಗೆರೆ ಮೂರಡಿ ಒಳಗೆ ಬರುತ್ತದೆ.

ಹಾನಗಲ್ ಅರೆಮಲೆನಾಡು. ಮಳೆ ಹೆಚ್ಚು, ಕೆರೆಗಳೂ ಹೆಚ್ಚು. ಕಲ್ಯಾಣದ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯ ಒಳಗೆ ನಿಂತು ಮೇಲೆ ಅರಳಿದ ಕಲ್ಲಿನ ಕಮಲದ ಛತ್ತನ್ನು ನೋಡಿದರೆ, ಅಷ್ಟು ಭಾರವನ್ನು ಹೊತ್ತ ಕಂಬಗಳ ಕೆಳಗೆ ಎಂಥ ಸಮಪಾತಳಿ ಇದ್ದಿರಬೇಕು ಎಂದು ಅನ್ನಿಸದೆ ಇರದು. ಧರ್ಮಾ ನದಿಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಕೆರೆಯಿಂದ ಕೆರೆಗೆ ಹಾಯಿಸಿದ ಜನ ಇಲ್ಲಿಯವರು. ಕಾಲುವೆಗೆ ಇಳಿಜಾರು ಹೆಚ್ಚಾದರೆ ದಂಡೆ ಕೊಚ್ಚುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಅವರು ಆ ನಡುವಿನ ಮಟ್ಟವನ್ನು ನೀರನ್ನೇ ಕೇಳಿ ಕಂಡುಕೊಂಡರು.

ಬಂಕಾಪುರ ದಾಟಿ ಶಿಗ್ಗಾಂವಿ ಸೇರುವ ಹೊತ್ತಿಗೆ ಮಣ್ಣಿನ ಬಣ್ಣ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಹೆದ್ದಾರಿಯ ಲಾರಿಗಳ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಒಂದು ಎನ್‌ಎ ಲೇಔಟು. ಮೊನ್ನೆಯವರೆಗೆ ಗೋವಿನಜೋಳ ಬೆಳೆದ ಇಳಿಜಾರು ಹೊಲ, ಈಗ ಬಿಳಿ ಕಲ್ಲುಗಳ ಸಾಲು. ಜೆಸಿಬಿ ಗುಡುಗುತ್ತಿದೆ. ಡೀಸೆಲ್ ಹೊಗೆ, ಹಸಿ ಮಣ್ಣಿನ ವಾಸನೆ, ಕಣ್ಣಿಗೆ ತುಂಬುವ ಧೂಳು.

ಇಲ್ಲಿ ಮಟ್ಟ ಬೇಡ, ಇಳಿಜಾರು ಬೇಕು. ಮೇಲ್ತುದಿಯ ನೆಲ 12.400, 60 ಮೀಟರ್ ದೂರದ ಕೆಳತುದಿ 10.900. ನಡುವೆ ಒಂದೂವರೆ ಮೀಟರ್ ಇಳಿತ. ರಸ್ತೆಯನ್ನು ನೂರಕ್ಕೆ ಒಂದರಂತೆ ಇಳಿಸಬೇಕು ಎಂಬುದು ನಕ್ಷೆ. ಮೇಲ್ತುದಿಯಲ್ಲಿ 450 ಮಿಲಿಮೀಟರ್ ಕಡಿದು ಕೆಳತುದಿಯಲ್ಲಿ 450 ತುಂಬಿದರೆ 11.950ರಿಂದ 11.350ಕ್ಕೆ ಸರಿಯಾಗಿ 600 ಮಿಲಿಮೀಟರ್ ಇಳಿತ ಸಿಗುತ್ತದೆ, ಹೊರಗಿನಿಂದ ಮಣ್ಣು ತರುವ ಖರ್ಚೂ ಇಲ್ಲ. ಹುಡುಗ ಯಂತ್ರದ ಒಂದು ಅಕ್ಷವನ್ನು ರಸ್ತೆಯ ಉದ್ದಕ್ಕೆ ನೇರವಾಗಿ ತಿರುಗಿಸಿ ಕೂರಿಸುತ್ತಾನೆ. ಈ ಹೆಜ್ಜೆಯಲ್ಲಿ ಅವಸರ ಮಾಡುವ ಹಾಗಿಲ್ಲ. ಅಕ್ಷ ಸ್ವಲ್ಪ ಅಡ್ಡಾದರೆ ಇಳಿಜಾರು ರಸ್ತೆಯ ಒಂದು ಮಗ್ಗುಲಿಗೂ ಹಂಚಿಹೋಗುತ್ತದೆ, ಆಮೇಲೆ ಒಂದೇ ಕಡೆಯ ಮನೆಗಳಿಗೆ ಮಳೆನೀರಿನ ಕಾಟ. ಆಮೇಲೆ 1.0 ಎಂದು ಒತ್ತುತ್ತಾನೆ. ಬೆಳಕಿನ ಹಾಳೆ ಈಗ ಇಡೀ ಹೊಲದ ಮೇಲೆ ರಸ್ತೆಯಷ್ಟೇ ವಾಲಿಕೊಂಡಿದೆ. ರಸ್ತೆಯ ಉದ್ದಕ್ಕೂ ಎಲ್ಲಿ ಕೋಲು ಇಟ್ಟರೂ ಒಂದೇ ಓದು ಬರಬೇಕು, ಅಷ್ಟೇ ಪರೀಕ್ಷೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಕಟ್ಟಿ ಗದ್ದೆ ಸಮ ಮಾಡುವ ಲೇಸರ್ ಲೆವೆಲರ್ ಕೂಡ ಇದೇ ತಿರುಗುವ ಬೆಳಕಿನಿಂದ ನಡೆಯುತ್ತದೆ. ಅಲ್ಲಿ ರಿಸೀವರ್ ಮಣ್ಣು ಹೆರೆಯುವ ಪಟ್ಟಿಯ ಕಂಬದ ಮೇಲೆ ಕೂತಿರುತ್ತದೆ, ಪಟ್ಟಿ ತಾನಾಗಿ ಏರಿಳಿಯುತ್ತದೆ.

ಜೆಸಿಬಿ ಸದ್ದಿನಲ್ಲಿ ಪೀಪ್ ಯಾರಿಗೂ ಕೇಳುವುದಿಲ್ಲ. ಸ್ಟಾಫ್ ಹಿಡಿದವನು ರಿಸೀವರಿನ ಬಾಣದ ಗುರುತು ನೋಡಿ ಡ್ರೈವರಿಗೆ ಕೈಸನ್ನೆ ಮಾಡುತ್ತಾನೆ. ಅಂಗೈ ಕೆಳಗೆ ಒತ್ತಿದರೆ ಇನ್ನೂ ಕಡಿ, ಮೇಲೆತ್ತಿದರೆ ಮಣ್ಣು ಹಾಕು, ಮುಷ್ಟಿ ಕಟ್ಟಿದರೆ ಸಾಕು. ಮುಷ್ಟಿ ಕಂಡ ತಕ್ಷಣ ಬಕೆಟ್ ನಿಲ್ಲುತ್ತದೆ. ಇಬ್ಬರ ನಡುವೆ ಒಂದು ಮಾತಿಲ್ಲದೆ ರಸ್ತೆ ರೂಪ ತಾಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಹಿಂದೆ ಸರಿಯುವಾಗ ಜೆಸಿಬಿ ಟ್ರೈಪಾಡಿನ ತೀರ ಹತ್ತಿರ ಬರುತ್ತದೆ. ನೆಲ ನಡುಗುತ್ತದೆ. ತಿರುಗುತ್ತಿದ್ದ ತಲೆ ಸಟಕ್ಕನೆ ನಿಂತು ಕೆಂಪು ದೀಪ ಮಿಣುಕುತ್ತದೆ. ಯಂತ್ರ ತಾನು ಅಲುಗಿದ್ದನ್ನು ತಾನೇ ಹೇಳುತ್ತಿದೆ. “ಗುಂಡಿ ಒತ್ತಿ ಮತ್ತ ಚಾಲೂ ಮಾಡಲೇ, ಟೈಮ್ ಆತು,” ಎಂದು ಡ್ರೈವರ್ ಕೂಗುತ್ತಾನೆ. ಹುಡುಗ ಕೇಳುವುದಿಲ್ಲ. ಇಳಿಜಾರನ್ನು ಸೊನ್ನೆಗೆ ತಂದು, ಮೂಲೆಯ ಗುರುತಿನ ಕಲ್ಲಿಗೆ ಹೋಗಿ ಕೋಲು ನಿಲ್ಲಿಸುತ್ತಾನೆ. ಬೆಳಿಗ್ಗೆ ಅಲ್ಲಿ 1.950 ಇತ್ತು, ಈಗ 1.938. ಒಂದು ಕಾಲು ಮಣ್ಣಿನಲ್ಲಿ ಕುಸಿದು ಯಂತ್ರ 12 ಮಿಲಿಮೀಟರ್ ಕೆಳಗಿಳಿದಿದೆ. ಸುಮ್ಮನೆ ಗುಂಡಿ ಒತ್ತಿದ್ದರೆ ಹಾಳೆ ಮತ್ತೆ ಅದೇ ಇಳಿಜಾರಿನಲ್ಲಿ ನಿಲ್ಲುತ್ತಿತ್ತು, ಆದರೆ ಎತ್ತರ ಬೇರೆಯಾಗಿರುತ್ತಿತ್ತು. ಅರ್ಧ ರಸ್ತೆ ಒಂದು ಲೆಕ್ಕ, ಇನ್ನರ್ಧ ಇನ್ನೊಂದು. ಟ್ರೈಪಾಡನ್ನು ದೂರಕ್ಕೆ ಒಯ್ದು, ಅಕ್ಷ ಹೊಂದಿಸಿ, ಹೊಸ ಲೆಕ್ಕ ಬರೆದು ಮತ್ತೆ ಶುರು. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವ ಗುಣ ಇದೇ: ಯಂತ್ರ ಹೇಳಿದ್ದನ್ನು ಕಲ್ಲಿನಲ್ಲಿ ಮತ್ತೊಮ್ಮೆ ನೋಡುವ ತಾಳ್ಮೆ.

ಕೆಳತುದಿಯಲ್ಲಿ ತುಂಬಿದ ಮಣ್ಣನ್ನು ಮಾತ್ರ ಲೇಸರ್ ನಂಬಿ ಬಿಡುವಂತಿಲ್ಲ. 450 ಮಿಲಿಮೀಟರ್ ಸಡಿಲ ಮಣ್ಣನ್ನು ಒಂದೇ ಸಲ ತಳ್ಳಿ ಮೇಲೆ ಸಮ ಮಾಡಿದರೂ ರಿಸೀವರ್ ಸರಿ ಎಂದೇ ಕೂಗುತ್ತದೆ. ಒಳಗಿನ ಪೊಳ್ಳು ಅದಕ್ಕೆ ಗೊತ್ತಿಲ್ಲ. ಎರಡು ಮಳೆಗಾಲದಲ್ಲಿ ಆ ಮಣ್ಣು ಕುಳಿತು, ಕಡಿದ ಗಟ್ಟಿ ನೆಲದ ಮೇಲೆ ಅರ್ಧ, ತುಂಬಿದ ನೆಲದ ಮೇಲೆ ಅರ್ಧ ನಿಂತ ಮನೆ ಸರಿಯಾಗಿ ಆ ಗಡಿಯಲ್ಲೇ ಸೀಳುತ್ತದೆ. ಒಂದು ಗೇಣಿಗಿಂತ ದಪ್ಪವಿಲ್ಲದ ಪದರ, ನೀರು, ರೋಲರು, ಮತ್ತೆ ಪದರ. ಇದಕ್ಕೆ ಅಡ್ಡದಾರಿಯಿಲ್ಲ. ಶಿಗ್ಗಾಂವಿಯಲ್ಲಿ ಪ್ಲಾಟು ಕೊಳ್ಳುವವರು ತಮ್ಮ ಜಾಗ ಕಡಿದದ್ದೋ ತುಂಬಿದ್ದೋ ಎಂದು ಕೇಳಬೇಕು. ಲೇಔಟು ಮಾಡಿದವರ ಬಳಿ ಮೊದಲಿನ ಮಟ್ಟಗಳ ಹಾಳೆ ಇದ್ದರೆ ಅದನ್ನೂ ಕೇಳಿ ನೋಡಬೇಕು.

ಸವಣೂರಿನ ದಾರಿಯಲ್ಲಿ ಎರೆ ಭೂಮಿ ಶುರು. ಮೇ ತಿಂಗಳ ಎರೆ ಹೊಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಕೈ ತೂರಿಸಿದರೆ ಮೊಣಕೈವರೆಗೂ ಇಳಿಯುತ್ತದೆ. ಮೊದಲ ದೊಡ್ಡ ಮಳೆಗೆ ಈ ಬಿರುಕುಗಳೆಲ್ಲ ಮುಚ್ಚಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಫರಸಿ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂರುತ್ತದೆ. ಬಾಂಬೆ ಐಐಟಿಯಲ್ಲಿ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಎರೆ ಮಣ್ಣಿನ ಈ ಉಬ್ಬರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರವನ್ನು ನಡುವೆ ಹಾಸಿದರೆ ಕೆಳಗಿನ ಎರೆಯ ಒತ್ತಡ ಮೇಲಕ್ಕೆ ಬರುವುದಿಲ್ಲ ಎಂದು ತೋರಿಸಿದರು. ಸಿಎನ್‌ಎಸ್ ಪದರ ಎಂದು ಎಂಜಿನಿಯರುಗಳು ಕರೆಯುವುದು ಇದನ್ನೇ. ಸವಣೂರಿನ ಗೌಂಡಿಗಳು ಎರೆ ತೋಡಿ ತೆಗೆದು ಗರಸು ತುಂಬುವುದೂ ಅದೇ ದಾರಿಯ ಕೆಲಸ. ಯಾವ ಗರಸಾದರೂ ಆಗುತ್ತದೆ ಎಂದಲ್ಲ. ಮರಳುಮರಳಾದ ಗರಸು ನೀರನ್ನು ಸಲೀಸಾಗಿ ಕೆಳಗಿನ ಎರೆಗೆ ಬಿಟ್ಟುಬಿಡುತ್ತದೆ, ಸ್ವಲ್ಪ ಜಿಗುಟಿರುವುದೇ ಬೇಕು.

ನೀವೀಗ ದೊಡ್ಡಹುಣಸೆ ಮಠದ ದೈತ್ಯ ಮರಗಳಿಂದ ಬಹಳ ದೂರವಿಲ್ಲದ ಓಣಿಯಲ್ಲಿದ್ದೀರಿ. ನವಾಬರ ಕಾಲದ ಊರು, ಇಕ್ಕಟ್ಟಿನ ಓಣಿ, ಗೋಡೆಗೆ ಗೋಡೆ ತಾಗಿದ ಮನೆಗಳು. ಪಾಯಾ ಎದ್ದಾಗಿದೆ, ಇಟ್ಟಂಗಿ ಗೋಡೆ ಒಂದಾಳೆತ್ತರ ಬಂದಿದೆ. ಒಳಗೆ ಫರಸಿಯ ಮಟ್ಟದ ಗುರುತನ್ನು ಗೌಂಡಿ ನೀಲಿ ಸೀಮೆಸುಣ್ಣದಲ್ಲಿ ಹಾಕಿದ್ದಾರೆ. ಹುಡುಗನನ್ನು ಕರೆಸಿದ್ದು ಪಾಯಖಾನೆಯ ಪೈಪಿಗಾಗಿ. ಅದು ಮನೆಯ ಹಿಂಬದಿಯಿಂದ 12 ಮೀಟರ್ ಬಂದು ಓಣಿಯ ಚೇಂಬರಿಗೆ ಸೇರಬೇಕು.

ಇಷ್ಟು ಹೊತ್ತು ಬಿಸಿಲಿನಲ್ಲಿ ಕಾಣದ ಬೆಳಕು ಇಲ್ಲಿ, ಅರೆಗತ್ತಲಿನ ಗೋಡೆಗಳ ಮೇಲೆ, ಕೆಂಪು ಗೆರೆಯಾಗಿ ಸುತ್ತುತ್ತಿದೆ. ಮನೆಯಾಕೆ ತಮ್ಮ ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹುಡುಗ ಕೋಲಿನೊಂದಿಗೆ ಓಣಿಗೆ ಹೋಗಿ ಚೇಂಬರಿನ ತಳಕ್ಕೆ ಇಳಿಸುತ್ತಾನೆ. 1.860. ಪೈಪಿನ ಬಾಯಿ ತಳಕ್ಕಿಂತ 150 ಮಿಲಿಮೀಟರ್ ಮೇಲಿರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹೊರಗಿನ ನೀರು ಒಳಗೆ ಬರುತ್ತದೆ. ಅಂದರೆ 1.710. ನಾಲ್ಕಿಂಚಿನ ಪೈಪಿಗೆ 40ಕ್ಕೆ 1 ಇಳಿಜಾರು ಹಳೆಯ ರೂಢಿ, 12 ಮೀಟರಿಗೆ 300 ಮಿಲಿಮೀಟರ್. ಮನೆಯೊಳಗಿನ ಪೈಪಿನ ತುದಿ 1.410ಕ್ಕೆ ಬಂತು. ಅದರ ಮೇಲೆ ಟ್ರ್ಯಾಪು, ಕಾಂಕ್ರೀಟು, ಫರಸಿ ಎಲ್ಲ ಸೇರಿ 350 ಬೇಕು. ಫರಸಿಯ ಮೇಲ್ಮೈ 1.060ರಲ್ಲಿರಬೇಕು. ಗೌಂಡಿ ಹಾಕಿದ ನೀಲಿ ಗುರುತಿಗೆ ಕೋಲು ತಾಗಿಸಿದರೆ 1.310.

250 ಮಿಲಿಮೀಟರ್ ತಗ್ಗು. ಹತ್ತಿಂಚು.

ಮನೆಯೊಳಗೆ ಯಾರೂ ಮಾತಾಡುವುದಿಲ್ಲ. ಯಜಮಾನ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾನೆ. 24 ಬೈ 30 ಅಡಿ ಮನೆ, ಹತ್ತಿಂಚು ತುಂಬುವುದೆಂದರೆ ಸುಮಾರು 600 ಘನ ಅಡಿ, ಕುಟ್ಟಿ ಕೂರಿಸಿದ ಮೇಲೆ ಅಷ್ಟಾಗಬೇಕಾದರೆ ಟ್ರ್ಯಾಕ್ಟರಿನ ಏಳೆಂಟು ಟ್ರಿಪ್ಪು ಗರಸು.

“ಇಳಿಜಾರು ಕಡಿಮಿ ಮಾಡಿದ್ರ ನಡಿಯಂಗಿಲ್ಲೇನು?”

“ನಡಿತೈತ್ರಿ ಅಣ್ಣಾರ, ಒಂದು ವರ್ಷ. ಆಮ್ಯಾಲೆ ಕಟ್ಟಿಕೊಂಡ ಪೈಪು ತಗಿಯಾಕ ಫರಸಿ ಒಡೀಬೇಕಾಗತೈತಿ. ಈಗ ಬರೇ ಗರಸಿನ ಖರ್ಚು.”

ಮನೆಯಾಕೆ ಮಾತು ತೆಗೆಯುತ್ತಾರೆ. “ಗರಸು ತರಸ್ರಿ. ಇದು ನಾಳೆ ನಾ ತೊಳಿಯೂ ಮನಿ.” ಅಲ್ಲಿಗೆ ತೀರ್ಮಾನವಾಯಿತು. ಬಾಗಿಲ ಚೌಕಟ್ಟು ಇನ್ನೂ ಕೂರಿಸಿಲ್ಲ, ಲಿಂಟಲ್ ಬಿದ್ದಿಲ್ಲ. ಹತ್ತಿಂಚು ಎತ್ತರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಸವಣೂರು ತಾಲೂಕಿನ ಎಲವಿಗಿ ರೈಲು ನಿಲ್ದಾಣದಲ್ಲಿ ಇಳಿದವರು ಹಳದಿ ಹಲಗೆಯ ಮೇಲೆ ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದದ್ದನ್ನು ಕಂಡಿರುತ್ತಾರೆ. ಆ ಅಂಕಿಯ ಬೇರು ಕಡಲಲ್ಲಿದೆ. ಇಡೀ ದೇಶಕ್ಕೆ ಒಂದೇ ಸೊನ್ನೆ ಬೇಕೆಂದು ಸರ್ವೆ ಇಲಾಖೆ 1909ರಲ್ಲಿ ಒಂಬತ್ತು ಬಂದರುಗಳ ಭರತ-ಇಳಿತದ ಸರಾಸರಿಯನ್ನು ಆಧಾರವಾಗಿಟ್ಟುಕೊಂಡಿತು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಊರೂರಿಗೆ ಮಟ್ಟ ಹೊತ್ತು ತಂದು ಕಲ್ಲುಗಳ ಮೇಲೆ ಗುರುತು ಕೆತ್ತಿದರು. ರೈಲು ಹಳಿಗೆ ಸಿಕ್ಕ ಈ ಕಾಳಜಿ ನಮ್ಮ ಓಣಿಗಳಿಗೂ ಸಿಗಬೇಕಿತ್ತು. 2019ರ ಆಗಸ್ಟಿನಲ್ಲಿ ವರದಾ ಮತ್ತು ಧರ್ಮಾ ಉಕ್ಕಿದಾಗ ಈ ಸೀಮೆಯಲ್ಲಿ ಮಣ್ಣಿನ ಗೋಡೆಗಳು ನೆನೆದು ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣದಲ್ಲಿ ಮನೆಗಳು ಎದ್ದವು. ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗೆರೆ ಮಾತ್ರ ಬಿದ್ದ ಗೋಡೆಯ ಜೊತೆಗೇ ಹೋಯಿತು. ಹೊಸ ಪ್ಲಿಂತ್ ಆ ಗೆರೆಗಿಂತ ಮೇಲಿದೆಯೇ ಎಂದು ಅಳೆಯಲು ಒಬ್ಬ ಮನುಷ್ಯನ ಅರ್ಧ ದಿನ ಸಾಕಿತ್ತು.

ಮರುದಿನ ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ದಾರಿಯುದ್ದಕ್ಕೂ ಕೆರೆಗಳು. ಮಾಸೂರಿನ ಬಳಿ ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಕಟ್ಟಿದ ವಿಜಯನಗರ ಕಾಲದ ಮದಗದ ಕೆರೆ ಇರುವುದೂ ಈ ಸೀಮೆಯಲ್ಲೇ. ಇಲ್ಲಿಯ ಗೌಂಡಿ ಅಜ್ಜ ಲೇಸರನ್ನು ಸುಮ್ಮನೆ ಒಪ್ಪುವವರಲ್ಲ. ಹೆಗಲಿಗೆ ಸುತ್ತಿದ ನೀರಿನ ಲೆವೆಲ್ ಪೈಪನ್ನು ಬಿಡಿಸುತ್ತ, “ಮೊದಲ ಇದಕ್ಕ ಉತ್ತರ ಕೊಡಲಿ ನಿನ್ನ ಪೆಟ್ಟಿಗಿ,” ಎನ್ನುತ್ತಾರೆ.

ಹುಡುಗನಿಗೆ ಇದರಿಂದ ಸಂತೋಷವೇ. ಶಾಲೆಯ ಗೋಡೆಯಿಂದ 30 ಮೀಟರ್ ದೂರದಲ್ಲಿ ಯಂತ್ರ ನಿಲ್ಲಿಸಿ ಗೋಡೆಯ ಮೇಲೆ ಗೀರು ಹಾಕುತ್ತಾನೆ. ಯಂತ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೊಂದು ಗೀರು, ಹೀಗೆ ನಾಲ್ಕು ಮುಖಕ್ಕೂ. ಎದುರು ಬದುರು ಮುಖಗಳ ಗೀರುಗಳ ನಡುವೆ ಹೆಚ್ಚೆಂದರೆ 4 ಮಿಲಿಮೀಟರ್. ಅಂದರೆ ಅಷ್ಟು ದೂರಕ್ಕೆ ತಪ್ಪು 2 ಮಿಲಿಮೀಟರ್. ಅಜ್ಜ ಪೈಪಿಗೆ ನೀರು ತುಂಬಿ, ಬೆರಳಿನಿಂದ ತಟ್ಟಿ ಗುಳ್ಳೆ ಹೊರಡಿಸಿ, ಎರಡು ಗೂಟಗಳ ಮೇಲೆ ಹಿಡಿಯುತ್ತಾರೆ. ಕಣ್ಣು ಕಿರಿದು ಮಾಡಿ ನೀರಿನ ಅಂಚು ನೋಡುತ್ತಾರೆ. ಎರಡೂ ಗುರುತು ಒಂದರ ಮೇಲೊಂದು. ಅಜ್ಜ ಪೈಪು ಸುತ್ತಿಡುತ್ತಾರೆ. ಮನೆಯೊಳಗಿನ ಮಟ್ಟಕ್ಕೆ ನೀರಿನ ಪೈಪು ಇಂದಿಗೂ ಯಾವ ಯಂತ್ರಕ್ಕೂ ಕಡಿಮೆಯಿಲ್ಲ. ಅದು ಸೋಲುವುದು ದೂರಕ್ಕೆ ಮಾತ್ರ, ಮತ್ತು ಇವತ್ತಿನ ಕೆಲಸ ದೂರದ್ದು.

ಮನೆ ಕಟ್ಟುವ ಜಾಗ ಕೆರೆಯಂಗಳದ ಮೇಲ್ಬದಿಗೆ, ತುಸು ಇಳಿಜಾರಿನಲ್ಲಿದೆ. ಬರಗಾಲದ ವರ್ಷಗಳಲ್ಲಿ ನೀರು ಎಷ್ಟೋ ಹಿಂದೆ ಸರಿದಿರುತ್ತದೆ. ಜಾಗ ಒಣಗಿ ನಿಂತಿರುತ್ತದೆ. ಮನೆಯ ಅವ್ವ ಕೇಳುವುದು ಒಂದೇ ಮಾತು: “ಕೆರಿ ಕೋಡಿ ಬಿದ್ದಾಗ ನೀರು ನಮ್ಮ ಹೊಸ್ತಲಕ್ಕ ಬರತೈತೇನು, ಅಷ್ಟ ಹೇಳ್ರಿ.”

ಕೋಡಿ 400 ಮೀಟರ್ ದೂರದಲ್ಲಿದೆ. ಒಂದೇ ಕಡೆ ನಿಂತು ಅಷ್ಟು ದೂರ ಓದಿದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹುಡುಗ ಹಂತಹಂತವಾಗಿ ಹೋಗುತ್ತಾನೆ: ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಸಮ ದೂರದಲ್ಲಿ ಯಂತ್ರ, ಎರಡಕ್ಕೂ ಯಂತ್ರದ ಒಂದೇ ಮುಖ, ಹಿಂದೆ ಒಂದು ಓದು, ಮುಂದೆ ಒಂದು ಓದು, ಮತ್ತೆ ಯಂತ್ರ ಮುಂದಕ್ಕೆ. ಜಾಲಿಮುಳ್ಳು, ಸಗಣಿ, ಒಣ ಕೆಸರು ತುಳಿಯುತ್ತ ನೀವೂ ಹಿಂದೆ ನಡೆಯುತ್ತೀರಿ. ಕೋಡಿಯ ಕಲ್ಲಿನ ಮೇಲೆ ಕೋಲು ನಿಂತಾಗ ಮಧ್ಯಾಹ್ನ. ಅಲ್ಲಿಂದ ಇನ್ನೊಂದು ದಾರಿಯಲ್ಲಿ ಅಳೆಯುತ್ತ ಮರಳಿ ಹೊರಟ ಗುರುತಿಗೇ ಬರುತ್ತಾರೆ. ಲೆಕ್ಕ 6 ಮಿಲಿಮೀಟರ್ ತಪ್ಪಿದೆ. ಇಷ್ಟು ಸುತ್ತಿಗೆ ಅದು ಒಪ್ಪಬಹುದಾದ ತಪ್ಪು.

ಶಾಲೆಯ ಕಟ್ಟೆ 10.000 ಎಂದು ಹಿಡಿದರೆ ಕೋಡಿ 10.640. ಮನೆಯವರು ಅಂದುಕೊಂಡ ಫರಸಿ 10.260. ಕೋಡಿಗಿಂತ 380 ಮಿಲಿಮೀಟರ್ ಕೆಳಗೆ. ಕೋಡಿಯ ಮೇಲೆ ಗೇಣುದ್ದ ನೀರು ಹರಿಯುವ ವರ್ಷ ಅಡುಗೆಮನೆಯಲ್ಲಿ ಮೊಣಕಾಲು ನೀರು.

ಅವ್ವ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ಅಂಕಿಗಳ ಮೇಲೆ ಬೆರಳಾಡಿಸುತ್ತಾರೆ. “ಇದು ಯಾವ ಮೂಲಿ?” ಜಾಗದ ಬಡಗಣ ತುದಿಯ ಓದನ್ನು ತೋರಿಸಿ ಕೇಳುತ್ತಾರೆ. ಅಲ್ಲಿ ನೆಲವೇ 10.950ರಲ್ಲಿದೆ. ಒಂದೂವರೆ ಅಡಿ ಪ್ಲಿಂತ್ ಇಟ್ಟರೆ 11.400, ಕೋಡಿಗಿಂತ 760 ಮಿಲಿಮೀಟರ್ ಮೇಲೆ. ಟ್ರಿಪ್ಪುಗಟ್ಟಲೆ ಮಣ್ಣು ತುಂಬುವ ಕೆಲಸವೂ ಇಲ್ಲ. ರಸ್ತೆಗೆ ಹತ್ತು ಮಾರು ದೂರವಾಗುತ್ತದೆ, ಬಾಗಿಲ ದಿಕ್ಕು ಬದಲಾಗುತ್ತದೆ. ಮಗ ವಾಸ್ತುವಿನ ಮಾತೆತ್ತುತ್ತಾನೆ. “ಬಾಗಿಲಾ ಯಾವ ದಿಕ್ಕಿಗರೆ ಇರಲಿ, ನೀರು ಒಳಗ ಬರಬಾರದು,” ಎನ್ನುತ್ತಾರೆ ಅವ್ವ.

ಅಜ್ಜ ಗೂಟಗಳನ್ನು ಕಿತ್ತು ಬಡಗಣ ಮೂಲೆಗೆ ಒಯ್ಯುತ್ತಾರೆ. ಅಷ್ಟರಲ್ಲಿ ಕೆರೆಯಂಗಳದ ಅಂಚಿನ ಇನ್ನೆರಡು ಮನೆಗಳವರು ಬಂದು ನಿಂತಿದ್ದಾರೆ. ತಮ್ಮ ಹೊಸ್ತಿಲು ಕೋಡಿಗಿಂತ ಮೇಲಿದೆಯೋ ಕೆಳಗಿದೆಯೋ ಅವರಿಗೂ ತಿಳಿಯಬೇಕಾಗಿದೆ. ಹುಡುಗ ಸ್ಟಾಫನ್ನು ಅವರಲ್ಲೊಬ್ಬನ ಕೈಗೆ ಕೊಟ್ಟು ನೆಟ್ಟಗೆ ಹಿಡಿಯುವುದನ್ನು ತೋರಿಸುತ್ತಾನೆ. “ಮೊದಲ ನಿಮ್ಮ ಮನಿಗೆ ನಡೀರಿ. ಕೋಲು ಹೊಸ್ತಲದ ಮ್ಯಾಲೆ ಇಡ್ರಿ, ಕಟ್ಟಿ ಮ್ಯಾಲೆ ಬ್ಯಾಡ.”